‘ತ್ಯಾಗದ ತೊಟ್ಟಿಲು’ ಚಿತ್ರಕ್ಕೆ ನಮ್ಮೂರ ಸನ್ಮಾನ

ನಮ್ಮೂರಿನ ಹೋಟೆಲುಗಳಲ್ಲಿ ರಾಜಕೀಯ ಎಷ್ಟು ಬೇಕಾದರೂ ಮಾತಾಡಬಹುದು. ಗಲ್ಲಾಪೆಟ್ಟಿಗೆಯ ಹಿಂದೆ, ದೇವರ ಪಟದ ಪಕ್ಕದಲ್ಲಿ ತೂಗುಹಾಕಿದ ಬೋರ್ಡಿನಲ್ಲಿ ಬರೆದಿರುವುದು ಬೇರೆ: ‘ಇಲ್ಲಿ ಸಿನಿಮಾ ವಿಷಯ ಮಾತನಾಡಬಾರದು.’ ಹೊರಗಿನಿಂದ ಬಂದವರು ಇದನ್ನು ಓದಿ ನಗುತ್ತಾರೆ. ನಗುತ್ತಲೇ, ತಮ್ಮ ಜೊತೆಗಿರುವ ಸಾಹೇಬರಿಗೆ ಇಷ್ಟವಾದ ಚಿತ್ರವನ್ನು ಹೊಗಳಲು ಬಾಯಿ ತೆರೆಯುತ್ತಾರೆ. ಆಮೇಲೆ ನಗುವುದಿಲ್ಲ. ನಮ್ಮೂರ ಎಲ್ಲೆಯೊಳಗೆ ಸಿನಿಮಾದ ಬಗ್ಗೆ ಮನಸ್ಸಿನಲ್ಲಿರುವುದನ್ನು ಬಿಟ್ಟು ಬೇರೆ ಮಾತು ಯಾರ ಬಾಯಿಂದಲೂ ಬರುವುದಿಲ್ಲ. ಉಳಿದ ವಿಷಯಗಳಲ್ಲಿ ನಾವು ಬೇರೆ ಊರಿನವರಷ್ಟೇ ಸುಳ್ಳು ಹೇಳುತ್ತೇವೆ. ಹಾಲಿಗೆ ನೀರು ಬೆರೆಸಿಲ್ಲ ಎನ್ನುತ್ತೇವೆ, ನಿಮ್ಮ ಮಗಳು ಹಾಡಿದ್ದು ಕೇಳಿ ಕಣ್ಣಲ್ಲಿ ನೀರು ಬಂತು ಎನ್ನುತ್ತೇವೆ, ಊಟ ಆಯಿತು ಎಂದು ಹೇಳಿ ಹಸಿದುಕೊಂಡು ಮನೆಗೆ ಹೋಗುತ್ತೇವೆ. ಸಿನಿಮಾ ಎಂದ ಕೂಡಲೇ ನಾಲಗೆ ನಮ್ಮ ಹಿಡಿತಕ್ಕೆ ಸಿಗುವುದಿಲ್ಲ. ‘ನಾನು ಆ ಚಿತ್ರ ನೋಡಿಲ್ಲ’ ಎಂದು ತಪ್ಪಿಸಿಕೊಳ್ಳೋಣವೆಂದರೆ, ನೋಡಿದ್ದರೆ ಆ ಮಾತೂ ಹೊರಡುವುದಿಲ್ಲ. ಇರುವ ಒಂದೇ ದಾರಿ ಬಾಯಿ ಮುಚ್ಚಿಕೊಂಡಿರುವುದು.

ಜಲಜಾ ಟಾಕೀಸಿನಲ್ಲಿ ಆಟ ಬಿಟ್ಟಾಗ ಜನ ಹೊರಬರುವುದನ್ನು ನೋಡಬೇಕು. ಸಾವಿನ ಮನೆಯಿಂದ ಎದ್ದು ಬಂದವರ ಹಾಗೆ ತಲೆ ತಗ್ಗಿಸಿಕೊಂಡು, ಸೊಳ್ಳೆಕಾಟದ ಬಗ್ಗೆಯೋ ನಲ್ಲಿನೀರಿನ ಬಗ್ಗೆಯೋ ಮಾತಾಡುತ್ತ ಚದುರಿಹೋಗುತ್ತಾರೆ. ಹೊಗಳಲೇಬೇಕಾದ ಪ್ರಸಂಗ ಬಂದವರಿಗೆ ಸುಂಕದ ಕಟ್ಟೆ ಇದೆ. ಊರಿನ ಎಲ್ಲೆ ಮುಗಿಯುವುದು ಅಲ್ಲಿಯ ಗಡಿಕಲ್ಲಿಗೆ. ಅದರಾಚೆ ಒಂದು ಟೀ ಅಂಗಡಿ. ಹೊಸದಾಗಿ ಮದುವೆಯಾದವರು, ಮೇಲಧಿಕಾರಿಯ ಕುಟುಂಬದ ಜೊತೆ ಚಿತ್ರ ನೋಡಿದ ಗುಮಾಸ್ತರು, ಭಾವಮೈದುನ ಟಿಕೆಟ್ ತೆಗೆಸಿಕೊಟ್ಟನೆಂಬ ದಾಕ್ಷಿಣ್ಯಕ್ಕೆ ಬಿದ್ದವರು, ಎಲ್ಲರೂ ಅಲ್ಲಿಗೆ ಹೋಗಿ, ಕಲ್ಲು ದಾಟಿ ನಿಂತು, ‘ಬಹಳ ಚೆನ್ನಾಗಿತ್ತು’ ಎಂದು ಹೇಳಿ, ಟೀ ಕುಡಿದು ವಾಪಸಾಗುತ್ತಾರೆ. ಅಂಗಡಿಯವನ ಇಬ್ಬರು ಹೆಣ್ಣುಮಕ್ಕಳ ಮದುವೆ ಈ ವ್ಯಾಪಾರದಲ್ಲೇ ಆಯಿತು.

ನನ್ನ ಮದುವೆ ನಿಶ್ಚಯವಾದದ್ದು ಮಾತ್ರ ಕಲ್ಲಿನ ಈಚೆ. ನಾನು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದೆ. ಸುಧಾಕರ ಎಂಬ ಹುಡುಗ, ನೋಡಿ ಹೋಗಿದ್ದವನು, ಎರಡೂ ಮನೆಯವರ ಒಪ್ಪಿಗೆ ಪಡೆದು ನನ್ನನ್ನು ಮ್ಯಾಟಿನಿಗೆ ಕರೆದುಕೊಂಡು ಹೋದ. ಆಟ ಬಿಟ್ಟ ಮೇಲೆ ಸ್ಕೂಟರನ್ನು ಸುಂಕದ ಕಟ್ಟೆಯ ಕಡೆ ತಿರುಗಿಸುತ್ತಾನೆ ಎಂದು ನಾನು ಕಾದೆ. ಅವನು ಟಾಕೀಸಿನ ಗೇಟಿನಲ್ಲೇ ನಿಂತು, “ಚಿತ್ರ ಹೇಗಿತ್ತು ಅಂತ ನಂಗೊತ್ತಿಲ್ಲ ಪ್ರಮೀಳಾ. ಇಂಟರ್ವಲ್ ಆದ್ಮೇಲೆ ನಾನು ತೆರೆ ಕಡೆ ನೋಡ್ಲೇ ಇಲ್ಲ” ಎಂದ. ಕಿವಿ ಕೆಂಪಾಗಿತ್ತು. ನಮ್ಮೂರಿನಲ್ಲಿ ಹೆಣ್ಣಿಗೆ ಇದಕ್ಕಿಂತ ಗಟ್ಟಿಯಾದ ಪ್ರೇಮಪತ್ರ ಇಲ್ಲ. ನಾನು ಒಪ್ಪಿದೆ.

ಆ ಮನೆಗೆ ಹೋಗುವ ಮೊದಲು ನನ್ನ ತಾಯಿ ಒಂದೇ ಒಂದು ಬುದ್ಧಿಮಾತು ಹೇಳಿ ಕಳಿಸಿದಳು: “ನಿಮ್ಮ ಮಾವನ ಮುಂದೆ ಮಾತ್ರ ಸಿನಿಮಾ ಸುದ್ದಿ ಎತ್ತಬೇಡ ಕಣೇ, ಪುಣ್ಯ ಬರುತ್ತೆ.” ಮಾವ ಚಂದ್ರಮೌಳಿಯವರು ನಮ್ಮೂರಿನ ಒಬ್ಬರೇ ಒಬ್ಬ ಚಿತ್ರ ನಿರ್ದೇಶಕರು. ಯೌವನದಲ್ಲಿ ಮದರಾಸಿಗೆ ಹೋಗಿ ಮೂರು ಚಿತ್ರ ಮಾಡಿದ್ದರು: ‘ಆಣೆಯ ಕಟ್ಟು’, ‘ಎರಡು ಊರಿನ ಅಳಿಯ’, ಮತ್ತೆ ‘ತ್ಯಾಗದ ತೊಟ್ಟಿಲು’. ಮೂರನೆಯದು ಹೊರಗೆ ಚೆನ್ನಾಗಿ ಓಡಿತಂತೆ. ಆಮೇಲೆ ಊರಿಗೆ ವಾಪಸು ಬಂದು ಪೂಜೆಸಾಮಾನು, ನಾರುಬೇರು ಮಾರುವ ಗ್ರಂಧಿಗೆ ಅಂಗಡಿ ಇಟ್ಟರು. ಅಂದಿನಿಂದ ಯಾರೂ ಅವರ ಮುಂದೆ ಆ ಚಿತ್ರಗಳ ಮಾತು ಎತ್ತಿಲ್ಲ. ಅವರನ್ನು ಕಂಡರೆ ಕೈ ಮುಗಿಯುತ್ತಿದ್ದರು, ಮದುವೆಮನೆಗಳಲ್ಲಿ ಮುಂದಿನ ಸಾಲಿನಲ್ಲಿ ಕೂರಿಸುತ್ತಿದ್ದರು, ಬಡಿಸುವಾಗ ಒಂದು ಲಾಡು ಹೆಚ್ಚಿಗೆ ಹಾಕುತ್ತಿದ್ದರು. ಇಡೀ ಊರು ತನ್ನ ಅಭಿಪ್ರಾಯವನ್ನು ಲಾಡಿನ ಕೆಳಗೆ ಮುಚ್ಚಿಟ್ಟಿತ್ತು. ಅವರೂ ತಮ್ಮ ಚಿತ್ರಗಳ ಬಗ್ಗೆ ಒಂದು ಮಾತೂ ಆಡಿದವರಲ್ಲ. ಅದನ್ನು ನಾವೆಲ್ಲ ದೊಡ್ಡವರ ವಿನಯ ಎಂದುಕೊಂಡಿದ್ದೆವು.

ಅತ್ತೆ ಭಾಗೀರಥಮ್ಮ ಬೇರೆಯೇ ತರಹ. ಅವರು ಟಾಕೀಸಿನ ಹೊಸಿಲು ತುಳಿದವರೇ ಅಲ್ಲ. ಯಾರಾದರೂ ಕರೆದರೆ, “ನಂಗೆ ಕತ್ತಲೆ ಆಗಲ್ಲ” ಎನ್ನುತ್ತಿದ್ದರು. ಅದು ಕತ್ತಲೆಯ ಬಗೆಗಿನ ಮಾತಾದ್ದರಿಂದ ಎಷ್ಟು ಸುಳ್ಳು ಬೇಕಾದರೂ ಇರಬಹುದಿತ್ತು.

ಊರಿಗೆ ಟೀವಿ ಬಂದಾಗ ಜನಕ್ಕೆ ಒಂದು ಆಸೆ ಹುಟ್ಟಿತ್ತು. ಪೆಟ್ಟಿಗೆ ಸಣ್ಣದು, ಮನೆಯೊಳಗೇ ಇರುತ್ತದೆ, ಸಿನಿಮಾದ ಕಟ್ಟಳೆ ಇದಕ್ಕೆ ತಗಲಲಿಕ್ಕಿಲ್ಲ ಎಂದು. ಭಾನುವಾರದ ಪೌರಾಣಿಕ ಧಾರಾವಾಹಿ ಮುಗಿದ ಒಂದು ಬೆಳಿಗ್ಗೆ ದೇವಸ್ಥಾನದ ಧರ್ಮದರ್ಶಿಗಳು ನಾಲ್ಕು ಜನರ ಎದುರಿಗೆ, “ನಾನು ನೋಡೋದು ಯುದ್ಧ ಮಾತ್ರ, ಪ್ರಾರ್ಥನೆ ಬಂದ್ರೆ ಮಲಗ್ತೀನಿ” ಎಂದುಬಿಟ್ಟರು. ಭಕ್ತಿಯಿಂದ ನೋಡುತ್ತೇನೆ ಎಂದು ಹೇಳಲು ಹೊರಟಿದ್ದರಂತೆ. ಅಲ್ಲಿಗೆ ಆ ಆಸೆಯೂ ಹೋಯಿತು.

ನಾನು ಗಂಟುಬಿದ್ದದ್ದು ‘ಧ್ರುವದಾಚೆ’ ಎಂಬ ಧಾರಾವಾಹಿಗೆ. ಪ್ರತಿ ಗುರುವಾರ ಸಂಜೆ ಬರುತ್ತಿತ್ತು. ಒಂದು ಆಕಾಶನೌಕೆ ದಾರಿ ತಪ್ಪಿ ನಕ್ಷತ್ರಗಳ ನಡುವೆ ಅಲೆಯುತ್ತದೆ, ಅದರಲ್ಲಿರುವವರಿಗೆ ಭೂಮಿ ಯಾವ ದಿಕ್ಕಿಗಿದೆ ಎಂಬುದು ಮರೆತುಹೋಗಿದೆ. ಗೋಡೆಗಳು ಥರ್ಮೋಕೋಲಿನವು, ಯಾರಾದರೂ ಒರಗಿದರೆ ಅಲುಗಾಡುತ್ತಿದ್ದವು. ಅನ್ಯಗ್ರಹದವರಿಗೆ ಬಳಿದ ನೀಲಿ ಬಣ್ಣ ಅವರ ಅಂಗಿಯ ಕಾಲರಿಗೆ ಹತ್ತಿರುತ್ತಿತ್ತು. ಯಂತ್ರಮಾನವನ ಎದೆಯ ಮೇಲಿನ ಗುಂಡಿಗಳು ಹಾರ್ಮೋನಿಯಂನಿಂದ ಕಿತ್ತವು ಎಂದು ಯಾರಿಗಾದರೂ ತಿಳಿಯುವಂತಿತ್ತು. “ತಗಡು” ಎನ್ನುತ್ತಿದ್ದ ಸುಧಾಕರ, ಪ್ರತಿ ವಾರ, ಮನಃಪೂರ್ವಕವಾಗಿ. ನಾನು, “ತಗಡು ಹೌದು, ಆದ್ರೆ ಇದಿಲ್ದಿದ್ರೆ ನನಗೆ ವಾರ ಸಾಗಲ್ಲ” ಎನ್ನುತ್ತಿದ್ದೆ. ಇಬ್ಬರೂ ನಿಜ ಹೇಳುತ್ತಿದ್ದೇವೆಂದು ಇಬ್ಬರಿಗೂ ಗೊತ್ತಿದ್ದರಿಂದ ಜಗಳ ಬೆಳೆಯುತ್ತಿರಲಿಲ್ಲ.

ಆ ಯಂತ್ರಮಾನವ ನೌಕೆಯಲ್ಲಿ ಊಟ ಬಡಿಸುವವನು. ಒಂದು ಕಂತಿನಲ್ಲಿ ನೌಕೆಯ ಇಂಜಿನಿಯರು ಸಾಯುತ್ತಾನೆ. ಮಾರನೆಯ ದಿನ ಯಂತ್ರಮಾನವ ಅವನ ಜಾಗಕ್ಕೂ ತಟ್ಟೆ ಇಡುತ್ತಾನೆ, ಅದರ ಮಾರನೆಯ ದಿನವೂ ಇಡುತ್ತಾನೆ. ಅವನಿಗೆ ಯಾರೂ ಹೇಳಿಲ್ಲ. ನಾಯಕಿ ಒಂದು ಸಲ ಹೇಳಲು ಬಾಯಿ ತೆರೆದು, ಹೇಳದೆ, ಪಕ್ಕದ ತಟ್ಟೆಯಲ್ಲಿ ತನ್ನ ಊಟ ಮುಂದುವರಿಸುತ್ತಾಳೆ. ಅಷ್ಟೇ. ನಾನು ಸೆರಗಿನಲ್ಲಿ ಮೂಗು ಒರೆಸಿಕೊಂಡೆ.

ಮಾವ ‘ಧ್ರುವದಾಚೆ’ ನೋಡುತ್ತಿರಲಿಲ್ಲ. ಅಂದರೆ ನೋಡುತ್ತಿದ್ದಾರೆಂದು ನಾವು ಒಪ್ಪುವಂತಿರಲಿಲ್ಲ. ಗುರುವಾರ ಸಂಜೆ ಸರಿಯಾಗಿ ಆ ಹೊತ್ತಿಗೆ ನಡುಮನೆಗೆ ಬಂದು, ಒಂದು ಕಾಗದ ಹಾಸಿಕೊಂಡು, ನೇಲ್‌ಕಟರಿನಿಂದ ಉಗುರು ಕತ್ತರಿಸಲು ಕೂರುತ್ತಿದ್ದರು. ಮನುಷ್ಯನಿಗೆ ಎಷ್ಟು ಉಗುರಿರಬಹುದು? ಪ್ರತಿ ವಾರ ಧಾರಾವಾಹಿ ಮುಗಿಯುವವರೆಗೆ ಆ ಟಕ್ ಟಕ್ ಸದ್ದು ನನ್ನ ಬೆನ್ನ ಹಿಂದೆ ಇರುತ್ತಿತ್ತು. ಆ ತಟ್ಟೆಯ ದೃಶ್ಯ ಬಂದಾಗ ಸದ್ದು ನಿಂತಿತು. ನಾನು ತಿರುಗಿ ನೋಡಲಿಲ್ಲ. ತಿರುಗಿದರೆ ಏನಾದರೂ ಕೇಳಬೇಕಾಗುತ್ತಿತ್ತು.

ಆ ವರ್ಷ ಪುರಸಭೆಯ ಅಧ್ಯಕ್ಷ ರುದ್ರೇಗೌಡರಿಗೆ ಒಂದು ಆಲೋಚನೆ ಬಂತು. ಚುನಾವಣೆ ಹತ್ತಿರವಿದ್ದಾಗ ಅವರಿಗೆ ಆಲೋಚನೆಗಳು ಬರುತ್ತಿದ್ದವು. ಊರಿನ ಹಿರಿಯ ನಿರ್ದೇಶಕರಿಗೆ ಪೌರಸನ್ಮಾನ, ಜೊತೆಗೆ ‘ತ್ಯಾಗದ ತೊಟ್ಟಿಲು’ ಚಿತ್ರದ ಉಚಿತ ಪ್ರದರ್ಶನ. ಸಮಾರಂಭವನ್ನು ಸುಂಕದ ಕಟ್ಟೆಯ ಆಚೆಯ ಕಲ್ಯಾಣಮಂಟಪದಲ್ಲಿ ಇಟ್ಟುಕೊಳ್ಳುವುದೆಂದು ಅವರೇ ಯೋಚಿಸಿಕೊಂಡು ನಮ್ಮ ಮನೆಗೆ ಬಂದಿದ್ದರು. ಅಲ್ಲಾದರೆ ಬಾಯಿತುಂಬ ಹೊಗಳಬಹುದು.

ಮಾವ ಕಾಫಿ ಲೋಟ ಕೆಳಗಿಟ್ಟರು. “ಬೇಡ.”

“ಸನ್ಮಾನ ಬೇಡ್ವಾ ಸಾರ್?”

“ಸನ್ಮಾನ ಮಾಡಿ. ಆಚೆ ಬೇಡ. ಜಲಜಾದಲ್ಲೇ ಆಗ್ಲಿ.”

ರುದ್ರೇಗೌಡರು ಸುಧಾಕರನ ಮುಖ ನೋಡಿದರು. ಸುಧಾಕರ ನನ್ನ ಮುಖ ನೋಡಿದ. “ಅಪ್ಪಾ, ಜಲಜಾದಲ್ಲಿ ಫ್ಯಾನಿಲ್ಲ. ಸೆಕೆ” ಎಂದ.

“ಸುಂಕದ ಕಟ್ಟೆ ಆಚೆ ನಾನು ಕೇಳಬೇಕಾದ್ದೆಲ್ಲ ಕೇಳಿದೀನಿ. ಮದರಾಸಿನಲ್ಲಿ ಕೇಳಿದೆ, ಬೊಂಬಾಯಿಂದ ಬಂದವರ ಬಾಯಲ್ಲೂ ಕೇಳಿದೆ. ಒಂದು ಸಲ ನಮ್ಮೂರಲ್ಲಿ ಕೇಳ್ತೀನಿ” ಎಂದರು ಮಾವ. ಎದ್ದು ಒಳಗೆ ಹೋದರು.

ಮಾವನಿಗೆ ಹಿಂದಿನ ಬೇಸಗೆಯಲ್ಲಿ ಎದೆನೋವು ಬಂದಿತ್ತು. ಆಘಾತವಾಗುವಂಥದ್ದೇನೂ ಆಗಬಾರದೆಂದು ಡಾಕ್ಟರು ಹೇಳಿದ್ದರು. ಆ ಸಂಜೆ ನಮ್ಮ ಮನೆಯ ಜಗಲಿಯಲ್ಲಿ ಗುಟ್ಟಾಗಿ ಒಂದು ಸಭೆ ಸೇರಿತು: ರುದ್ರೇಗೌಡರು, ಸುಧಾಕರ, ನಾನು, ಮತ್ತೆ ಸಮಾರಂಭದಲ್ಲಿ ಮಾತಾಡಲು ಒಪ್ಪಿಕೊಂಡಿದ್ದ ಕಾಲೇಜಿನ ಫಾಲಾಕ್ಷ ಮೇಷ್ಟ್ರು. ಭಾಷಣದಲ್ಲಿ ಚಿತ್ರದ ಬಗ್ಗೆ ಒಂದಕ್ಷರವೂ ಇರಕೂಡದು ಎಂದು ತೀರ್ಮಾನವಾಯಿತು. ರುದ್ರೇಗೌಡರು ಮಾವನ ಶಿಸ್ತು, ಬೆಳಗಿನ ವಾಯುವಿಹಾರ, ಮೀಸೆ ಇವುಗಳ ಬಗ್ಗೆ ಮಾತಾಡುವುದು. ಫಾಲಾಕ್ಷ ಮೇಷ್ಟ್ರು ಜಲಜಾ ಟಾಕೀಸಿನ ಕಟ್ಟಡದ ಚರಿತ್ರೆ ಹೇಳುವುದು. ಮನೆಯವರ ಪರವಾಗಿ ನಾನು, ಮಾವನಿಗೆ ಇಷ್ಟವಾದ ಅಡುಗೆಗಳ ಬಗ್ಗೆ.

“ಚಿತ್ರ ಅಂತ ಬಾಯಿಗೆ ಬಂದ್ರೆ?” ಎಂದರು ಮೇಷ್ಟ್ರು. ಅವರು ಆಗಲೇ ಬೆವರುತ್ತಿದ್ದರು.

“ಕೆಮ್ಮಿಬಿಡಿ. ನಾನು ಚಪ್ಪಾಳೆ ಹೊಡೆಸ್ತೀನಿ” ಎಂದರು ರುದ್ರೇಗೌಡರು.

ಸನ್ಮಾನದ ದಿನ ಮಧ್ಯಾಹ್ನ ಜಲಜಾ ಟಾಕೀಸು ತುಂಬಿತ್ತು. ಪುಕ್ಕಟೆ ಎಂಬುದು ಒಂದು ಕಾರಣ. ಅತ್ತೆ ಬರಲಿಲ್ಲ. “ಮಂಗಳಾರತಿ ತಟ್ಟೆ ಇಟ್ಕೊಂಡು ಇಲ್ಲೇ ಇರ್ತೀನಿ, ನೀವು ಬನ್ನಿ” ಎಂದು ಮಾವನ ಪಂಚೆಯ ನೆರಿಗೆ ಸರಿಮಾಡಿ ಕಳಿಸಿದರು.

ಸ್ಕೂಲಿನ ದಿನಗಳಲ್ಲಿ ಒಮ್ಮೆ ನಾನು ಆ ಚಿತ್ರ ನೋಡಿದ್ದೆ, ಏನೂ ನೆನಪಿರಲಿಲ್ಲ. ಈಗ ನೋಡಿದಾಗ ಏಕೆ ನೆನಪಿರಲಿಲ್ಲ ಎಂದು ಗೊತ್ತಾಯಿತು. ಕಥೆ ಇಷ್ಟು: ಬಡ ತಮ್ಮನ ಹೆಂಡತಿ ತನ್ನ ಕೂಸನ್ನು ಮಕ್ಕಳಿಲ್ಲದ ಶ್ರೀಮಂತ ಓರಗಿತ್ತಿಗೆ ಕೊಟ್ಟುಬಿಡುತ್ತಾಳೆ. ಕೊಡುವ ಮೊದಲು ಅದರ ಬಗ್ಗೆ ಮಾತಾಡುತ್ತಾಳೆ, ಕೊಡುವಾಗ ಮಾತಾಡುತ್ತಾಳೆ, ಕೊಟ್ಟ ಮೇಲೆ ವೀಣೆ ಹಿಡಿದುಕೊಂಡು ಹಾಡುತ್ತಾಳೆ. ಬಡವರ ಮನೆಗೆ ಅಷ್ಟು ದೊಡ್ಡ ವೀಣೆ ಎಲ್ಲಿಂದ ಬಂತೋ. ಗಂಡ ಕಂಬಕ್ಕೆ ಹಣೆ ಬಡಿದುಕೊಳ್ಳುತ್ತಾನೆ, ಕಂಬ ಅಲುಗುತ್ತದೆ. ನನ್ನ ಪಕ್ಕದಲ್ಲಿ ಕೂತಿದ್ದ ಹೆಂಗಸು ಒಂದು ಸಲ ನಿಟ್ಟುಸಿರು ಬಿಟ್ಟಳು, ಅದು ಚಿತ್ರಕ್ಕೋ ಬೆಂಚಿಗೋ ತಿಳಿಯಲಿಲ್ಲ. ಮಾವ ಮುಂದಿನ ಸಾಲಿನಲ್ಲಿ ನೆಟ್ಟಗೆ ಕೂತಿದ್ದರು.

ನಡುವೆ ಒಂದು ಕಡೆ ಮಾತ್ರ ನಾನು ಬೆಂಚಿನ ಒರಗು ಬಿಟ್ಟು ಮುಂದಕ್ಕೆ ಬಾಗಿದೆ.

ಚಿತ್ರ ಮುಗಿದು ದೀಪ ಹತ್ತಿತು. ವೇದಿಕೆಗೆ ಕುರ್ಚಿಗಳು ಬಂದವು. ಫಾಲಾಕ್ಷ ಮೇಷ್ಟ್ರು ಟಾಕೀಸಿನ ಗಾರೆ, ಸುಣ್ಣ, ಗವಾಕ್ಷಿಗಳ ಬಗ್ಗೆ ಸುದೀರ್ಘವಾಗಿ ಮಾತಾಡಿ, ಎಲ್ಲೂ ಕೆಮ್ಮದೆ, ಗೆದ್ದವರಂತೆ ಕೂತರು. ರುದ್ರೇಗೌಡರು ಮೀಸೆಯಿಂದ ಆರಂಭಿಸಿದರು. ಜನ ಚಪ್ಪಾಳೆ ಹೊಡೆದರು. ವಾಯುವಿಹಾರಕ್ಕೂ ಹೊಡೆದರು. ಅಲ್ಲಿಗೇ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಶಾಲು ಕೈಗೆ ಬಂದಾಗ ಚಪ್ಪಾಳೆ ಇನ್ನೂ ಜೋರಾಯಿತು, ರುದ್ರೇಗೌಡರು ಎದೆಯುಬ್ಬಿಸಿ, “ಇಂಥ ಚಿತ್ರ!” ಎಂದುಬಿಟ್ಟರು.

ಅವರ ಕಣ್ಣುಗಳು ದೊಡ್ಡವಾದವು. ಬಾಯಿ ಮುಚ್ಚಲು ನೋಡಿದರು, ಆಗಲಿಲ್ಲ. “ಇಂಥ ಚಿತ್ರ ನಾನು ಇನ್ನೊಂದು ಸಲ ನೋಡಲಾರೆ. ಆಯಮ್ಮ ವೀಣೆ ಹಿಡ್ಕೊಂಡ್ಲು, ನಾನು ಹಿಂದಿನ ಬಾಗಿಲಿಂದ ಆಚೆ ಹೋಗಿ ಕಬ್ಬಿನಹಾಲು ಕುಡಿದೆ. ಯಾರ‍್ಯಾರನ್ನೋ ಮಾತಾಡಿಸಿದೆ. ವಾಪಸ್ ಬಂದ್ರೆ ಅದೇ ಹಾಡು!”

ಚಪ್ಪಾಳೆ ನಿಂತಿತು. ಸುಧಾಕರ ವೇದಿಕೆಯ ಪಕ್ಕದಲ್ಲಿ ಒಂದು ಕೈಯಲ್ಲಿ ಮಾತ್ರೆ, ಇನ್ನೊಂದು ಕೈಯಲ್ಲಿ ನೀರಿನ ಫ್ಲಾಸ್ಕು ಹಿಡಿದು ಸಿದ್ಧವಾಗಿದ್ದ. ಈಗ ಎರಡು ಹೆಜ್ಜೆ ಮುಂದೆ ಬಂದ. ಮಾವ ಅವನಿಗೆ ಅಲ್ಲೇ ನಿಲ್ಲುವಂತೆ ಕೈ ಮಾಡಿದರು. ಎದ್ದು, ಅಧ್ಯಕ್ಷರ ಕೈಯಿಂದ ಶಾಲು ತಾವೇ ತೆಗೆದುಕೊಂಡು ಹೆಗಲಿಗೆ ಹಾಕಿಕೊಂಡು, ಮೈಕಿನ ಮುಂದೆ ನಿಂತರು.

“ವೀಣೆ ಉದ್ದ ಆಯ್ತು ಅಂತೀರಿ. ಸರಿ. ಇನ್ಯಾರು ಹೇಳ್ತೀರಿ?”

ಹಿಂದಿನ ಬೆಂಚಿನಿಂದ ಒಬ್ಬ, “ಆ ಕಂಬ ರಟ್ಟಿಂದು ಅಂತ ನಮ್ಮ ತಾತನೂ ಹೇಳಿದ್ರು ಸಾರ್” ಎಂದ. ಒಂದು ನಗು ಎದ್ದಿತು. ಅದರ ಹಿಂದೆ ಇನ್ನೊಬ್ಬ, ಇನ್ನೊಬ್ಬಳು. ಗಂಡನ ಪಾತ್ರದವನಿಗೆ ಅಳಲು ಬರುವುದಿಲ್ಲ. ಓರಗಿತ್ತಿಯ ಸೀರೆ ಚೆನ್ನಾಗಿದೆ, ಬೇರೇನೂ ಇಲ್ಲ. ಕೂಸು ಪ್ರತಿ ದೃಶ್ಯದಲ್ಲೂ ಬೇರೆ ಬೇರೆ ಕೂಸು. ಇಷ್ಟು ವರ್ಷ ಲಾಡು ಬಡಿಸಿದವರೆಲ್ಲ ಎದ್ದು ನಿಂತು ಹೇಳುತ್ತಿದ್ದರು, ಅವರ ಮುಖದ ಮೇಲೆ ಮೂಟೆ ಇಳಿಸಿದವರ ಸುಖ ಇತ್ತು. ಒಬ್ಬ ಮುದುಕ, ತನ್ನ ಹೆಂಡತಿ ಈ ಚಿತ್ರ ನೋಡಿ ಅತ್ತಿದ್ದಳೆಂದೂ ಅವಳು ಎಲ್ಲದಕ್ಕೂ ಅಳುತ್ತಿದ್ದಳೆಂದೂ ಹೇಳಿದ. ಮಾವ ಪ್ರತಿಯೊಂದಕ್ಕೂ ತಲೆ ಆಡಿಸುತ್ತಿದ್ದರು. ನಾನು ಅವರ ಎದೆಯ ಮೇಲೇ ಕಣ್ಣಿಟ್ಟಿದ್ದೆ.

“ಪ್ರಮೀಳಾ” ಎಂದರು. “ನೀನು ಹೇಳಮ್ಮ.”

ನಾನು ಎದ್ದೆ. ಗೊಜ್ಜವಲಕ್ಕಿಯಿಂದ ಆರಂಭವಾಗುವ ನನ್ನ ಭಾಷಣ ಸಿದ್ಧವಾಗಿತ್ತು. ಮಾವ ಕೇಳಿದ್ದು ಅದನ್ನಲ್ಲ. ಸುಮ್ಮನೆ ಕೂತುಬಿಡಬಹುದಿತ್ತು, ಸುಧಾಕರ ಕಣ್ಣಲ್ಲೇ ಹಾಗೆ ಮಾಡು ಎಂದು ಬೇಡುತ್ತಿದ್ದ. ಆದರೆ ಆ ಮನುಷ್ಯ ಇಡೀ ಊರಿನ ಮುಂದೆ ನಿಂತು ಕೇಳುತ್ತಿದ್ದರು, ನಾನು ಅವರ ಮನೆಯಲ್ಲಿ ಉಂಡವಳು.

“ನನಗೆ ಬೇಜಾರಾಯ್ತು ಮಾವ” ಎಂದೆ. “ಎಲ್ಲರೂ ಬಹಳ ಮಾತಾಡ್ತಾರೆ. ದುಃಖ ಅಂತ ಅವರೇ ಹೇಳಿಬಿಟ್ರೆ ನಮಗೇನು ಉಳಿಯುತ್ತೆ?” ನಾನು ಕೂರಲು ನೋಡಿದೆ. ಆದರೆ ಮಾತು ಅಲ್ಲಿಗೆ ಮುಗಿದಿರಲಿಲ್ಲ, ಅದೇ ಮುಂದುವರಿಯಿತು. “ಒಂದು ಕಡೆ ಮಾತ್ರ... ಕೂಸನ್ನ ಕಾರಿನಲ್ಲಿ ಕರ್ಕೊಂಡು ಹೋದ್ಮೇಲೆ ಅವಳು ಹಿತ್ತಿಲಿಗೆ ಬರ್ತಾಳೆ. ತಂತಿ ಮೇಲೆ ಕೂಸಿನ ಬಟ್ಟೆ ಒಣಗಿಹಾಕಿರುತ್ತೆ. ಮುಟ್ಟಿ ನೋಡ್ತಾಳೆ, ಇನ್ನೂ ಹಸಿ. ತಿರುಗಿಸಿ ಹಾಕ್ತಾಳೆ. ಹಾಡಿಲ್ಲ, ಮಾತಿಲ್ಲ. ಅದನ್ನ ನೋಡಿ ನಾನು ಮುಂದಕ್ಕೆ ಬಾಗಿ ಕೂತೆ. ಇಂಥದ್ದು ನಾನು ಯಾವ ಚಿತ್ರದಲ್ಲೂ ನೋಡಿಲ್ಲ. ‘ಧ್ರುವದಾಚೆ’ಯಲ್ಲಿ ತಟ್ಟೆ ಇಡ್ತಾನಲ್ಲ, ಅದು ಬಿಟ್ರೆ.”

ಬಾಹ್ಯಾಕಾಶದ ತಗಡು ಡಬ್ಬಿಯ ಜೊತೆ ಹೋಲಿಸಿಬಿಟ್ಟೆನಲ್ಲ ಎಂದು ನಾಲಗೆ ಕಚ್ಚಿಕೊಂಡೆ. ಮಾವ ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಊರಿಗೆ ಬಂದ ಮೇಲೆ ಮೊದಲ ಬಾರಿಗೆ ಅವರು ಸಿನಿಮಾದ ಬಗ್ಗೆ ಮಾತಾಡಲು ಬಾಯಿ ತೆರೆದರು.

“‘ಧ್ರುವದಾಚೆ’ ನನ್ನ ಮೂರೂ ಚಿತ್ರಕ್ಕಿಂತ ಚೆನ್ನಾಗಿದೆ” ಎಂದರು. “ಗೋಡೆ ಅಲುಗಾಡುತ್ತೆ, ಆದ್ರೆ ಅದನ್ನ ಮಾಡಿದವನಿಗೆ ಸುಮ್ಮನಿರೋದು ಗೊತ್ತು. ಉಗುರು ಕತ್ತರಿಸೋ ನೆಪ ಮಾಡ್ಕೊಂಡು ನಾನು ಒಂದು ವಾರವೂ ಬಿಟ್ಟಿಲ್ಲ. ನನ್ನ ಚಿತ್ರಗಳು ನನಗೆ ಇಷ್ಟ ಇಲ್ಲ. ಮಾಡುವಾಗಲೇ ಇರಲಿಲ್ಲ. ಅದಕ್ಕೇ ಊರಿಗೆ ಬಂದು ಬಾಯಿ ಮುಚ್ಕೊಂಡೆ. ಬೇರೆ ಊರಿಗೆ ಹೋಗಿದ್ದಿದ್ರೆ ಚೆನ್ನಾಗಿವೆ ಅಂತ ಹೇಳ್ಕೊಂಡು ತಿರುಗಬಹುದಿತ್ತು.”

ಜನ ನಗಬೇಕೋ ಬೇಡವೋ ತಿಳಿಯದೆ ಕೂತಿದ್ದರು. ಮಾವ ನನ್ನ ಕಡೆ ತಿರುಗಿದರು.

“ಆ ಬಟ್ಟೆ ನಾನು ತೆಗೆದದ್ದಲ್ಲಮ್ಮ. ಅವತ್ತು ನಾನು ಜ್ವರ ಅಂತ ಮಲಗಿದ್ದೆ. ಇವಳು ಎಲ್ಲರಿಗೂ ಊಟ ತಗೊಂಡು ಹೋಗಿದ್ಲು, ನಿಮ್ಮತ್ತೆ. ಕಾರು ಹೋದ್ಮೇಲೆ ನಾನೇನು ಮಾಡ್ಲಿ ಅಂತ ನಟಿ ಕೇಳಿದ್ಲಂತೆ. ಕ್ಯಾಮೆರಾದವನಿಗೂ ಗೊತ್ತಿಲ್ಲ. ಇವಳು, ‘ಬಟ್ಟೆ ಒಣಗಿದ್ಯಾ ನೋಡಮ್ಮ’ ಅಂದ್ಲಂತೆ. ನಾನು ನೋಡಿ ರೇಗಿದೆ. ಇದೇನು ಕಲೆಯಾ ಅಂತ ಕೂಗಾಡಿದೆ. ಚಿತ್ರದ ಉದ್ದ ಸಾಲದೆ ಬಂತು, ಅದಕ್ಕೆ ಬೇಕಾದಷ್ಟು ಉಳಿಸಿದೆ.” ಅವರಿಗೆ ಅಲ್ಲಿಗೆ ಮುಗಿಸುವ ಇಷ್ಟವಿತ್ತು ಎಂದು ಕಾಣುತ್ತಿತ್ತು, ಆದರೆ ಮಾತು ಬಿಡಲಿಲ್ಲ. “ಆ ವರ್ಷವೇ ನಮ್ಮ ಮೊದಲನೇ ಮಗು ತೀರಿಹೋಗಿತ್ತು. ಹೆಣ್ಣು. ನಾನು ಅದರ ಮೇಲೆ ಒಂದು ಚಿತ್ರ ಪೂರ್ತಿ ಹಾಡು ಬರೆಸಿದೆ. ಅವಳು ಒಂದು ಬಟ್ಟೆ ತಿರುಗಿಸಿ ಹಾಕಿಸಿದ್ಲು.”

ಸುಧಾಕರ ಮಾತ್ರೆಯನ್ನು ಅಂಗೈಯಲ್ಲಿ ಹಿಡಿದುಕೊಂಡೇ ನಿಂತಿದ್ದ. ತನಗೊಬ್ಬಳು ಅಕ್ಕ ಇದ್ದಳೆಂದು ಅವನಿಗೆ ಗೊತ್ತಿತ್ತು, ಅಷ್ಟೇ. ಅದಕ್ಕಿಂತ ಹೆಚ್ಚು ಯಾರೂ ಹೇಳಿರಲಿಲ್ಲ. ಮಾವ ತಾವೇ ಅವನ ಹತ್ತಿರ ಬಂದು, ಫ್ಲಾಸ್ಕು ಕೇಳಿ, ನೀರು ಕುಡಿದರು. ಎದೆಗೆ ಏನೂ ಆಗಲಿಲ್ಲ. ರುದ್ರೇಗೌಡರು ವಂದನಾರ್ಪಣೆ ಮರೆತು ಹಣ್ಣಿನ ಬುಟ್ಟಿಯನ್ನು ಫಾಲಾಕ್ಷ ಮೇಷ್ಟ್ರ ಕೈಗೆ ಕೊಟ್ಟರು.

ಮರುದಿನದ ಪತ್ರಿಕೆಯಲ್ಲಿ, ಚಿತ್ರವನ್ನು ಸಭಿಕರು ಒಕ್ಕೊರಲಿನಿಂದ ಮೆಚ್ಚಿಕೊಂಡರೆಂದು ಬಂದಿತ್ತು. ಬಾತ್ಮೀದಾರನಿದ್ದದ್ದು ಸುಂಕದ ಕಟ್ಟೆಯಾಚೆ.

ಸನ್ಮಾನದ ಸಂಜೆ ನಾವು ಮನೆಗೆ ಬಂದಾಗ ಅತ್ತೆ ಆರತಿ ಎತ್ತಿ, ದೃಷ್ಟಿ ತೆಗೆದು, ಊಟಕ್ಕೆ ಹಾಕಿದರು. ಟಾಕೀಸಿನಲ್ಲಿ ನಡೆದದ್ದು ಅವರಿಗೆ ನಮಗಿಂತ ಮುಂಚೆ ತಲುಪಿತ್ತು. ಪಕ್ಕದ ಮನೆಯವರು ಹಿತ್ತಿಲ ಬಾಗಿಲಲ್ಲಿ ಬಂದು ಎಲ್ಲ ಹೇಳಿಹೋಗಿದ್ದರು. ಹುಳಿ ಬಡಿಸುವಾಗ ಅತ್ತೆಯ ಸೌಟು ಮಾವನ ತಟ್ಟೆಯ ಮೇಲೆ ಒಂದು ಕ್ಷಣ ಹಾಗೇ ನಿಂತಿತ್ತು.

ಬೆಳಿಗ್ಗೆ ನಾನು ಸ್ಕೂಲಿಗೆ ಹೊರಡುವಾಗ ಅತ್ತೆ ಅಡುಗೆಮನೆಯಿಂದಲೇ, “ಆ ಡಬ್ಬಗಳು ಇನ್ನೂ ಟಾಕೀಸಿನಲ್ಲೇ ಇವೆಯೇನೇ?” ಎಂದರು. ರೀಲುಗಳನ್ನು ಸಂಜೆ ವಾಪಸು ಕಳಿಸುವವರಿದ್ದರು. “ಹಾಗಾದ್ರೆ ಮ್ಯಾಟಿನಿಗೆ ಹೋಗಿಬರೋಣ. ನೀನು ರಜೆ ಹಾಕು.”

ನಾನು ರಜೆ ಹಾಕಿದೆ. ಟಾಕೀಸಿನ ಮಾಲೀಕರು ಮೂರು ಜನಕ್ಕಾಗಿ ಚಿತ್ರ ಹಾಕಲು ಒಪ್ಪಿದರು. ಮೂರು ಜನ, ಏಕೆಂದರೆ ಮಾವನೂ ಕೊಡೆ ಹಿಡಿದು ಹೊರಟು ನಿಂತಿದ್ದರು. ಅತ್ತೆ ಬೇಡ ಎನ್ನಲಿಲ್ಲ. ಖಾಲಿ ಸಭಾಂಗಣದಲ್ಲಿ ಅತ್ತೆ ನಡುವೆ ಕೂತರು, ಅವರ ಒಂದು ಕಡೆ ನಾನು, ಇನ್ನೊಂದು ಕಡೆ ಮಾವ. ದೀಪ ಆರಿದಾಗ ಅತ್ತೆ ನನ್ನ ಮಣಿಕಟ್ಟು ಹಿಡಿದುಕೊಂಡರು. ಕತ್ತಲೆ ಆಗುವುದಿಲ್ಲ ಎಂಬುದು ನಿಜವೇ ಇದ್ದಿರಬಹುದು.

ಅವರು ಚಿತ್ರವನ್ನು ಅಕ್ಕಿ ಆರಿಸುವವರ ಹಾಗೆ ನೋಡಿದರು. ಕಂಬ ಅಲುಗಿದಾಗ ತುಟಿ ಬಿಗಿದರು. ಕಾರು ಬಂತು, ಹೋಯಿತು. ನಟಿ ಹಿತ್ತಿಲಿಗೆ ಬಂದಳು, ಬಟ್ಟೆ ಮುಟ್ಟಿದಳು, ತಿರುಗಿಸಿ ಹಾಕಿದಳು. ನನ್ನ ಮಣಿಕಟ್ಟಿನ ಮೇಲಿನ ಹಿಡಿತ ಬಿಗಿಯಾಗಲಿಲ್ಲ, ಸಡಿಲವೂ ಆಗಲಿಲ್ಲ. ಆ ದೃಶ್ಯ ಮುಗಿದು ವೀಣೆ ಬಂತು. ಹಾಡು ಮುಗಿಯುವವರೆಗೂ ನಾವು ಮೂವರೂ ಕೂತೆವು, ಕೊನೆಯ ‘ಶುಭಂ’ ಬರುವವರೆಗೂ.

ದೀಪ ಹತ್ತಿತು. ಮಾವ ಕೊಡೆಯ ಹಿಡಿಯ ಮೇಲೆ ಗಲ್ಲ ಊರಿಕೊಂಡಿದ್ದರು.

“ಹೇಗಿತ್ತೇ?”

“ವೀಣೆ ಅತಿಯಾಯ್ತು” ಎಂದರು ಅತ್ತೆ.

“ಹೂಂ. ಎಲ್ಲರೂ ಹೇಳಿದ್ರು.”

“ಆ ಬಟ್ಟೆ ದೃಶ್ಯ ಅರ್ಧಕ್ಕೇ ಕತ್ತರಿಸಿದ್ದೀರಿ. ಅವತ್ತು ಅವಳು ಒಳಗೆ ಹೋಗೋವರೆಗೂ ಕ್ಯಾಮೆರಾದವರು ತೆಗೆದಿದ್ರು. ಅವಳು ಒಳಗೆ ಹೋಗೋದು ಇಡಬೇಕಿತ್ತು.”

“ಹೌದು” ಎಂದರು ಮಾವ. “ಇಡಬೇಕಿತ್ತು. ಆಗ ನನಗೆ ಗೊತ್ತಾಗ್ಲಿಲ್ಲ.”

ಮಾಲೀಕರು ಬಾಗಿಲಲ್ಲಿ ನಿಂತು ನಮ್ಮ ಕಡೆ ನೋಡುತ್ತಿದ್ದರು. ನಾನು ಏಳಲು ಹೋದೆ. ಅತ್ತೆ ಏಳಲಿಲ್ಲ.

“ಒಳಗೆ ಹೋಗಿ ಅವಳೇನು ಮಾಡಿದ್ಲು ಅಂತ ನೀವು ಯಾವತ್ತೂ ಕೇಳ್ಲಿಲ್ಲ” ಎಂದರು.

ಅತ್ತೆ ಹೇಳುತ್ತಿದ್ದುದು ಚಿತ್ರದ ಹೆಂಗಸಿನ ಮಾತೋ ಬೇರೆಯವಳ ಮಾತೋ ಎಂದು ಮಾವ ಅವರ ಮುಖ ನೋಡಿದರು. ಗೊತ್ತಾದ ಮೇಲೆ ಕಣ್ಣು ಕೆಳಗೆ ಹೋಯಿತು.

“ಈಗ ಕೇಳ್ತಿದೀನಿ ಭಾಗೀರಥಿ. ಏನು ಮಾಡಿದ್ಲು?”

“ಅಕ್ಕಿ ತೊಳೆದು ಅನ್ನಕ್ಕಿಟ್ಲು” ಎಂದರು ಅತ್ತೆ. “ನೀವು ಊಟಕ್ಕೆ ಬರೋ ಹೊತ್ತಾಗಿತ್ತು.”